ಬೋಣಿಯ ಕೈ

ನಮ್ಮ ರಸ್ತೆಗೆ ಹೊಸದಾಗಿ ಬಂದವರಿಗೆ ನಾನು ಹೇಳುವ ಮೊದಲ ಮಾತು, ಬಣ್ಣದ ದೀಪದ ಬೋರ್ಡು ಹಾಕಿದ ಕಡೆ ಉಣ್ಣಬೇಡಿ. ಆ ದೀಪದ ಕರೆಂಟು ಬಿಲ್ಲು ನಿಮ್ಮ ತಟ್ಟೆಗೇ ಬರುತ್ತದೆ. ಯುನಿವರ್ಸಿಟಿ ಗೇಟಿನಿಂದ ಲಿಂಗಂಪಲ್ಲಿ ಸ್ಟೇಷನ್ ಕಡೆಗೆ ಹೋಗುವ ದಾರಿಯಲ್ಲಿ ಇಡ್ಲಿ ಬಂಡಿಗಳು ಸಾಲಾಗಿ ನಿಲ್ಲುತ್ತವೆ. ಆಟೋದವರು ಎಲ್ಲಿ ತಿನ್ನುತ್ತಾರೋ ಅಲ್ಲಿ ತಿನ್ನಿ. ಹುಡುಗರನ್ನು ನೋಡಿ ಹೋಗಬೇಡಿ, ಅವರು ಹುಡುಗಿಯರು ಎಲ್ಲಿದ್ದಾರೋ ಅಲ್ಲಿ ನಿಲ್ಲುತ್ತಾರೆ. ಒಂಬತ್ತು ಗಂಟೆಯ ಮೇಲೂ ಚಟ್ನಿ ಬಕೆಟ್ಟು ತುಂಬಿದ್ದರೆ ಅದಕ್ಕೆ ನೀರು ಬಿದ್ದಿದೆ ಎಂದೇ ತಿಳಿಯಿರಿ. ಬಿರಿಯಾನಿ ಸಿಂಗಲ್ ತಗೊಂಡರೆ ಇಬ್ಬರಿಗೆ ಸಾಕು. ನಾಚಿಕೊಂಡು ಫುಲ್ ಹೇಳಬೇಡಿ. ಹಾಸಿಗೆ, ಬಕೆಟ್ಟು, ಕೂಲರು ಕಾಲೇಜು ಶುರುವಾಗುವ ತಿಂಗಳಲ್ಲಿ ಕೊಳ್ಳುವವರು ಕೈ ಸುಟ್ಟುಕೊಳ್ಳುತ್ತಾರೆ. ಓದು ಮುಗಿಸಿ ಊರಿಗೆ ಹೊರಟ ಹುಡುಗರು ಬೇಸಿಗೆಯಲ್ಲಿ ಸಾಮಾನು ಹರಡಿಕೊಂಡು ಆಟೋ ಕಾಯುತ್ತಿರುತ್ತಾರಲ್ಲ, ಆಗ ಹೋಗಿ ಕೇಳಬೇಕು. ರೈಲಿನ ಹೊತ್ತು ಹತ್ತಿರವಾದಷ್ಟೂ ಕೂಲರಿನ ಬೆಲೆ ಇಳಿಯುತ್ತದೆ.

ತರಕಾರಿಯ ವಿಷಯದಲ್ಲಿ ಎರಡೇ ಸೂತ್ರ. ಒಂದು, ತೂಗುವಾಗ ಕಣ್ಣು ತಕ್ಕಡಿ ಬಿಟ್ಟು ಕದಲಬಾರದು. ಎರಡು, ಬೋಣಿಗೆ ಹೋಗಬೇಕು.

ಬೋಣಿ ಎಂದರೆ ದಿನದ ಮೊದಲ ವ್ಯಾಪಾರ. ಮೊದಲ ಗಿರಾಕಿ ಬರಿಗೈಯಲ್ಲಿ ತಿರುಗಿ ಹೋದರೆ ಆ ದಿನವೇ ಕೆಟ್ಟಿತು ಎಂದು ಇಲ್ಲಿ ಮಾರುವವರೆಲ್ಲ ನಂಬುತ್ತಾರೆ. ಹಾಗಾಗಿ ಎಷ್ಟು ಎಳೆದಾಡಿದರೂ ಕೊನೆಗೆ ನಿಮ್ಮ ದರಕ್ಕೇ ಬರುತ್ತಾರೆ. ತೆಲುಗಿನಲ್ಲಿ ಅದಕ್ಕೆ 'ಬೋಣಿ ಬೇರಂ', ಅಂದರೆ ಬೋಣಿಯ ವ್ಯಾಪಾರ, ಎಂಬ ಮಾತೇ ಇದೆ. ನಾನು ಹತ್ತನೆಯ ತರಗತಿಗೆ ಶಾಲೆ ಬಿಟ್ಟವಳು. ರಾಯಚೂರು ಕಡೆಯಿಂದ ಮದುವೆಯಾಗಿ ಬಂದಾಗ ತೆಲುಗು ಬರುತ್ತಿರಲಿಲ್ಲ, ಹಿಂದಿ ಬರುತ್ತಿರಲಿಲ್ಲ. ಈ ಊರಿನಲ್ಲಿ ನಾನು ಕಲಿತ ಮೊದಲ ಶಬ್ದ ಬೋಣಿ.

ನಮ್ಮ ಮನೆಯವರು ಕುಷಾಯಿಗೂಡದ ಕಡೆ ಕಾರ್ಖಾನೆಯಲ್ಲಿದ್ದರು. ನಿವೃತ್ತಿಯಾದ ಮೇಲೆ ಯುನಿವರ್ಸಿಟಿ ಹತ್ತಿರ ಕಟ್ಟಿಸಿಕೊಂಡ ಸಣ್ಣ ಮನೆಗೆ ಬಂದೆವು. ಅವರು ಪೇಪರ್ ಓದಿಕೊಂಡು ಇರೋಣ ಅಂದರು. ನಾನು ಮುಂದಿನ ಕೋಣೆಯಲ್ಲಿ ಮೆಸ್ ಶುರು ಮಾಡಿದೆ. ಜೋಳದ ರೊಟ್ಟಿ, ಎಣಗಾಯಿ, ಪುಂಡಿಪಲ್ಯ, ಅನ್ನ ಸಾರು. ಬೀದರ್, ಕಲಬುರಗಿ, ಮೈಸೂರು ಅಂತ ಎಲ್ಲೆಲ್ಲಿಂದಲೋ ಬಂದ ಕನ್ನಡದ ಹುಡುಗ ಹುಡುಗಿಯರು ಉಣ್ಣಲು ಬರತೊಡಗಿದರು. ಇಡೀ ರಸ್ತೆಯಲ್ಲಿ ನನ್ನ ಊಟವೇ ಅಗ್ಗ. ಹೇಗೆ ಪೂರೈಸುತ್ತದೆ ಎಂದು ಎಲ್ಲರೂ ಕೇಳುತ್ತಿದ್ದರು. ಬೋಣಿಯಿಂದ ಪೂರೈಸುತ್ತಿತ್ತು. ಇಡೀ ಮೆಸ್ಸಿನ ತರಕಾರಿಯನ್ನು ಬೆಳಿಗ್ಗೆ ಮೊದಲ ಗಿರಾಕಿಯಾಗಿ ಹೋಗಿ ಎತ್ತಿಕೊಂಡು ಬರುತ್ತಿದ್ದೆ.

ಯುನಿವರ್ಸಿಟಿ ಗೇಟಿನ ಎದುರು ಗೋಣಿಚೀಲ ಹಾಸಿಕೊಂಡು ಕೂರುವ ತರಕಾರಿಯವಳು ನನ್ನ ಮುಖ್ಯ ಎದುರಾಳಿ. ನನ್ನ ವಯಸ್ಸಿನವಳೇ. ಗಂಡ ತೀರಿ ಬಹಳ ವರ್ಷವಾಗಿತ್ತು. ಅವಳು ಒಂದು ದರ ಹೇಳುವಳು, ನಾನು ಅರ್ಧ ಹೇಳುವೆ.

"ಇದನ್ನ ನಾ ಕದ್ದು ತಂದೀನೇನ್ ತಾಯಿ?"

"ಕದ್ದಿದ್ರ ಇನ್ನೂ ಅಗ್ಗ ಕೊಡ್ತಿದ್ದಿ."

"ನಿನ್ನ ಕೈಯಾಗ ಸಿಕ್ಕ ಆ ಯಪ್ಪ ಹೆಂಗ ಬದುಕ್ಯಾನೋ!"

ಆ ಯಪ್ಪ, ಅಂದರೆ ನಮ್ಮ ಮನೆಯವರು, ಅವಳ ಬೆನ್ನ ಹಿಂದಿನ ಕರೆಂಟು ಕಂಬಕ್ಕೆ ಒರಗಿ ಎರಡು ಚೀಲ ಹಿಡಿದು ನಿಂತಿರುತ್ತಿದ್ದರು. ನಾನು ಚೌಕಾಸಿ ಮಾಡುವುದು ಅವರಿಗೆ ನಾಚಿಕೆ. ಹತ್ತಿರ ಬರುತ್ತಿರಲಿಲ್ಲ. ನಾನು ಹತ್ತು ಹೆಜ್ಜೆ ಹೋದಂತೆ ಮಾಡಿ, ಅವಳು "ರಾ ಅಮ್ಮಾ, ಬೋಣಿ ಬೇರಂ" ಎಂದು ಕೂಗಿ, ತೂಕ ಮುಗಿದು, ನಾನು ಕೈ ಬೀಸಿದ ಮೇಲೆಯೇ ಬಂದು ಚೀಲ ತುಂಬಿಸಿಕೊಳ್ಳುತ್ತಿದ್ದರು. ಮನೆಗೆ ಬಂದು ಹಿಂದಿನ ಕಟ್ಟೆಯ ಮೇಲೆ ಕೂತು ತಾವೇ ತರಕಾರಿ ಆರಿಸಿ ತೊಳೆಯುತ್ತಿದ್ದರು. ಆ ಹೊತ್ತಿಗೆ ಸರಿಯಾಗಿ ಒಂದು ಬಿಳಿ ಹಸು ನಮ್ಮ ಗೇಟಿಗೆ ಬರುವುದು. ಎದ್ದು ಹೋಗಿ ಏನಾದರೂ ಹಾಕಿ ಬರುವರು.

"ನಾ ಬಡಿದಾಡಿ ತಂದ ಟೊಮ್ಯಾಟೊ ಆಕಳಕ್ಕ ಹಾಕ್ತೀರಲ್ರಿ!" ಎಂದು ನಾನು ಒಳಗಿನಿಂದ ಕೂಗಿದರೆ, "ಅದಕ್ಕೂ ಒಂದು ಬಾಯಿ ಐತಲ್ಲ" ಅನ್ನುತ್ತಿದ್ದರು.

ವರ್ಷಗಳು ಕಳೆದಂತೆ ನನ್ನ ಕೈಗೆ ಒಂದು ಹೆಸರು ಬಂತು. ನಾನು ಬೋಣಿ ಮಾಡಿದ ದಿನ ಮಧ್ಯಾಹ್ನದೊಳಗೆ ಬುಟ್ಟಿ ಖಾಲಿ ಎಂದು ತರಕಾರಿಯವಳೇ ಸುದ್ದಿ ಹಬ್ಬಿಸಿದಳು. ಸೊಪ್ಪಿನವನು, ಹೂವಿನವಳು, ನಿಂಬೆಹಣ್ಣಿನ ಮುದುಕಿ, ಎಲ್ಲರೂ ನನ್ನನ್ನು ಕರೆಯತೊಡಗಿದರು. ಫೋನಿನಲ್ಲಿ ದುಡ್ಡು ಹಾಕುವ ಕಾಲ ಬಂದರೂ ಬೋಣಿಗೆ ಮಾತ್ರ ಅವರಿಗೆ ನೋಟೇ ಬೇಕು. ನಾನು ಕೊಟ್ಟ ನೋಟನ್ನು ತಕ್ಕಡಿಗೆ ಮುಟ್ಟಿಸಿ, ಕಣ್ಣಿಗೆ ಒತ್ತಿಕೊಂಡು, ಮಡಿಲ ಚೀಲದಲ್ಲಿ ಬೇರೆ ಇಡುತ್ತಿದ್ದರು. ಈ ಪರದೇಶದಲ್ಲಿ ನನ್ನನ್ನು ಯಾರಾದರೂ ಕಣ್ಣಿಗೆ ಒತ್ತಿಕೊಂಡಿದ್ದರೆ ಅದು ಹಾಗೆ.

ಹೋದ ಮಾಘದಲ್ಲಿ ನಮ್ಮ ಮನೆಯವರು ತೀರಿಕೊಂಡರು. ಮೂರು ದಿನದ ಜ್ವರ. ಅದರ ಬಗ್ಗೆ ಇಲ್ಲಿ ಹೆಚ್ಚು ಬರೆಯುವುದಿಲ್ಲ.

ತಿಂಗಳು ಕಳೆದ ಮೇಲೆ ಮೆಸ್ ಮತ್ತೆ ತೆರೆಯಬೇಕೆಂದು ಬೆಳಿಗ್ಗೆ ಚೀಲ ಹಿಡಿದು ಹೋದೆ. ತರಕಾರಿಯವಳು ನನ್ನನ್ನು ಕಂಡು ಅತ್ತಳು. ಕೈ ಹಿಡಿದುಕೊಂಡಳು. ಬದನೆಕಾಯಿ ಎಷ್ಟು ಎಂದೆ.

"ಗಂಟು ಬಿಚ್ಚಿಲ್ಲವ್ವಾ, ಸ್ವಲ್ಪ ನಿಂದ್ರು."

ಗಂಟು ಬಿಚ್ಚಿಯೇ ಇತ್ತು. ಬದನೆಕಾಯಿ ನನ್ನ ಕಣ್ಣ ಮುಂದೆಯೇ ಹೊಳೆಯುತ್ತಿದ್ದವು. ನಿಂತೆ. ಹಾಸ್ಟೆಲಿನ ಹುಡುಗಿಯೊಬ್ಬಳು ನಿದ್ದೆಗಣ್ಣಿನಲ್ಲಿ ಬಂದು ಎರಡು ನಿಂಬೆಹಣ್ಣು ತಗೊಂಡು, ಕೇಳಿದಷ್ಟು ಕೊಟ್ಟು ಹೋದಳು. ತರಕಾರಿಯವಳು ಆ ನೋಟನ್ನು ತಕ್ಕಡಿಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, "ಈಗ ಹೇಳವ್ವಾ, ಎಷ್ಟು ಹಾಕ್ಲಿ?" ಅಂದಳು.

ಅವತ್ತು ನನಗೆ ತಿಳಿಯಲಿಲ್ಲ. ಮರುದಿನ ಸೊಪ್ಪಿನವನು ಚಹಾ ಕುಡಿದು ಬರುತ್ತೇನೆಂದು ಎದ್ದು ಹೋದ. ಅದರ ಮರುದಿನ ಹೂವಿನವಳು ನಾನು ದೂರ ಬರುವುದನ್ನು ಕಂಡೇ ಬುಟ್ಟಿಗೆ ಒದ್ದೆ ಬಟ್ಟೆ ಮುಚ್ಚಿದಳು. ಆಗ ತಿಳಿಯಿತು. ತಿಳಿದ ಮೇಲೆ ಕಾಲು ಮನೆಯ ಕಡೆ ಹೋಗಲಿಲ್ಲ. ನೇರ ತರಕಾರಿಯವಳ ಮುಂದೆ ಹೋಗಿ ಕೂತೆ. ಅವಳ ತೆಲುಗು, ನನ್ನ ಕನ್ನಡ ಸೇರಿಸಿ ನಾವು ಆಡುವ ಮಾತನ್ನು ನನ್ನ ಮಾತಿನಲ್ಲೇ ಬರೆಯುತ್ತೇನೆ.

"ಅಕ್ಕಾ, ನಿನಗೂ ಗಂಡಿಲ್ಲ, ನನಗೂ ಗಂಡಿಲ್ಲ. ನೀ ಮಾರಬಹುದು, ನಾ ಕೊಳ್ಳಬಾರದೇನ?"

"ಕೊಳ್ಳಬ್ಯಾಡ ಅಂತ ಯಾರಂದ್ರು? ಮೊದಲ ಬರಬ್ಯಾಡ ಅಂದೆ, ಅಷ್ಟ. ಕೂತ ಕೈ ಬ್ಯಾರೆ, ಬಂದ ಕೈ ಬ್ಯಾರೆ."

"ಕೈ ಅದ ಐತಲ್ಲ. ದೀಪಾವಳಿಗೆ ಇದ ಕೈ ಮುಟ್ಟಿದ್ರ ಹಬ್ಬ ಅಂದಿದ್ದಿ."

ಅವಳು ಸೌತೆಕಾಯಿ ಜೋಡಿಸುವುದನ್ನು ನಿಲ್ಲಿಸಲಿಲ್ಲ. "ನನ್ನ ಗಂಡ ಹೋದ ಮ್ಯಾಲ ಮಾರ್ಕೆಟಿನಾಗ ಸಗಟು ಮಾರೋರು ನನ್ನ ಬೋಣಿ ತಗೊಳ್ಳಲಿಲ್ಲ. ಹದಿನೈದು ವರ್ಷ ಆತು. ಈಗೂ ಇನ್ನೊಬ್ರು ತಗೊಳ್ಳೂ ತನ ಹಿಂದ ನಿಂತಿರ್ತೀನಿ. ನೀ ಮೂರ ದಿನಕ್ಕ ಸಾಕಾಗಿ ಜಗಳಕ್ಕ ಬಂದಿ."

ಇಷ್ಟು ವರ್ಷದಲ್ಲಿ ಅವಳೊಂದಿಗೆ ಮಾತಿನಲ್ಲಿ ಸೋತದ್ದು ಅದೇ ಮೊದಲು.

ಪಪಾಯಿ ಬಂಡಿಯ ಸಾಹೇಬರು ಮಾತ್ರ ಕರೆದರು. "ಆವ್ ಅಮ್ಮಾ, ತುಮ್ ಕರೋ ಬೋಣಿ." ನನ್ನ ಎದೆಗೆ ಸ್ವಲ್ಪ ಗಾಳಿ ಬಂದಂತಾಯಿತು. ಒಂದು ಹಣ್ಣು ಬಡಿದು ನೋಡಿ ದರ ಕೇಳಿದೆ. ನೀವು ಎಷ್ಟು ಕೊಟ್ಟರೂ ಸರಿ ಎಂದರು. ನಾನು ನಾಚಿಕೆಗೇಡಿನ ದರ ಹೇಳಿದೆ, ಜಗಳಕ್ಕೆ ಬರಲಿ ಎಂದೇ ಹೇಳಿದೆ. "ಠೀಕ್ ಹೈ ಅಮ್ಮಾ" ಎಂದು ಹಣ್ಣನ್ನು ಚೀಲಕ್ಕೆ ಹಾಕಿದರು. ಒಳ್ಳೆಯ ಮನುಷ್ಯರು. ಆ ಹಣ್ಣನ್ನು ನನಗೆ ತಿನ್ನಲಾಗಲಿಲ್ಲ. ಯಾರೂ ನನ್ನೊಡನೆ ಜಗಳಾಡುತ್ತಿರಲಿಲ್ಲ ಈಗ. ಬೋಣಿಯಾದ ಮೇಲೆ ಹೋದರೂ ಒಂದು ದರ ಹೇಳಿ, ಅದೇ ದರ, ಕಣ್ಣು ತಗ್ಗಿಸಿ ತೂಗುತ್ತಿದ್ದರು. ನಾನು ಹತ್ತು ಹೆಜ್ಜೆ ಹೋದರೆ ಹತ್ತು ಹೆಜ್ಜೆ ಹೋದೆ, ಅಷ್ಟೇ. ಹಿಂದಿನಿಂದ ಕೂಗು ಬರುತ್ತಿರಲಿಲ್ಲ.

ಆ ದರದಲ್ಲಿ ನನ್ನ ಊಟ ನಡೆಯುವುದಿಲ್ಲ. ಊಟದ ಬೆಲೆ ಏರಿಸಿದೆ. ವಾರದೊಳಗೆ ಹುಡುಗರು ಒಬ್ಬೊಬ್ಬರೇ ಬಣ್ಣದ ದೀಪದ ಕಡೆ ಹೋದರು. ಬೆಲೆ ಇಳಿಸಬೇಕು, ಇಲ್ಲವೇ ಬಾಗಿಲು ಮುಚ್ಚಬೇಕು. ಮುಚ್ಚಿದರೆ ಆ ಮನೆಯಲ್ಲಿ ಬೆಳಗಾದರೆ ನಾನು ಮಾಡುವುದೇನು?

ಉಳಿದವರಲ್ಲಿ ಪಿಎಚ್‌ಡಿ ಮಾಡುವ ಮೈಸೂರಿನ ಹುಡುಗಿಯೊಬ್ಬಳಿದ್ದಳು. ಮೂವತ್ತರ ಹತ್ತಿರ ವಯಸ್ಸು, ಬಾಯಿ ನನ್ನಷ್ಟೇ ಚುರುಕು.

"ಆಂಟಿ, ಇಷ್ಟೆಲ್ಲ ಒದ್ದಾಟ ಯಾಕೆ? ಆ್ಯಪ್‌ನಲ್ಲಿ ಹಾಕಿದ್ರೆ ಹತ್ತು ನಿಮಿಷಕ್ಕೆ ಬಾಗಿಲಿಗೇ ಬರುತ್ತೆ."

"ಆ್ಯಪಿನಾಗ ಟೊಮ್ಯಾಟೊ ಹಿಚುಕಿ ನೋಡಾಕ ಬರ್ತೈತೇನ?"

"ಕೆಟ್ಟಿದ್ರೆ ಫೋಟೋ ಕಳಿಸಿದ್ರೆ ದುಡ್ಡು ವಾಪಸ್."

"ದುಡ್ಡು ಬರ್ತೈತಿ. ಸಾರು ಬರ್ತೈತೇನ?"

ಅವಳಿಗೆ ಒಂದು ದಿನ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವಳ ಮುಖ ಕೆಂಪಾಯಿತು. ಈ ಕಾಲದಲ್ಲೂ ಇದೇನು ಅನ್ಯಾಯ, ನಾನು ಹೋಗಿ ಆಯಮ್ಮನನ್ನು ಕೇಳುತ್ತೇನೆ ಎಂದು ಎದ್ದಳು.

"ಕೇಳಬ್ಯಾಡವ್ವಾ," ಅಂದೆ. "ಬೋಣಿ ಮಾಡು."

ಎರಡು ದಿನ ಅಡುಗೆಮನೆಯಲ್ಲೇ ಅವಳಿಗೆ ಪಾಠ ಹೇಳಿದೆ. ಉಳ್ಳಾಗಡ್ಡಿ ಬುಟ್ಟಿ ಮುಂದಿಟ್ಟುಕೊಂಡು ನಾನೇ ತರಕಾರಿಯವಳಾದೆ. ದರ ಕೇಳಿದ ಕೂಡಲೇ ಮಾತಾಡಬಾರದು, ಸುಮ್ಮನಿರಬೇಕು. ಎದುರಿನವರಿಗೆ ಆ ಸುಮ್ಮನಿರುವಿಕೆ ತಡೆದುಕೊಳ್ಳಲಾಗುವುದಿಲ್ಲ. ಬೇಕಾದದ್ದನ್ನು ಮೊದಲು ಮುಟ್ಟಬಾರದು. ಹೋಗುವಾಗ ತಿರುಗಿ ನೋಡಬಾರದು. ಥ್ಯಾಂಕ್ಸ್ ಅನ್ನಲೇಬಾರದು. ಅವಳು ಮೂರು ಸಲ ಥ್ಯಾಂಕ್ಸ್ ಅಂದಳು, ಮೂರು ಸಲವೂ ಬೈದೆ.

"ಮತ್ತ ಕಣ್ಣು?"

"ತಕ್ಕಡಿ ಮೇಲೆ ಆಂಟಿ. ನಿದ್ದೇಲಿ ಎಬ್ಬಿಸಿದ್ರೂ ಹೇಳ್ತೀನಿ."

ಮೂರನೆಯ ದಿನ ಬೆಳಿಗ್ಗೆ ಇಬ್ಬರೂ ಹೊರಟೆವು. ನಾನು ಹತ್ತಿರ ಹೋಗುವಂತಿರಲಿಲ್ಲ. ಸುತ್ತು ಹಾಕಿ ಹಿಂದಿನಿಂದ ಬಂದು ಕರೆಂಟು ಕಂಬಕ್ಕೆ ಒರಗಿ ನಿಂತೆ. ಕೈಯಲ್ಲಿ ಎರಡು ಚೀಲ. ಕಂಬದ ಮೇಲೆ ಆಳೆತ್ತರದಲ್ಲಿ ಒಂದು ಕಡೆ ಬಣ್ಣ ಸವೆದು ನುಣುಪಾಗಿತ್ತು. ಅದು ಯಾರ ಬೆನ್ನಿನಿಂದ ಸವೆದದ್ದೆಂದು ನನಗೆ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಹುಡುಗಿ ಚೆನ್ನಾಗಿಯೇ ಮಾಡಿದಳು. ದರ ಕೇಳಿ ಸುಮ್ಮನಾದಳು. ಅರ್ಧ ಹೇಳಿದಳು. ತರಕಾರಿಯವಳು ಕಿರುಚಿದಳು, ಅಯ್ಯೋ, ಎಷ್ಟು ದಿನವಾಗಿತ್ತು ಆ ಕಿರುಚಾಟ ಕೇಳಿ! ಹುಡುಗಿ ಎದ್ದಳು. ಹತ್ತು ಹೆಜ್ಜೆ ನಡೆದಳು, ತಿರುಗಿ ನೋಡಲಿಲ್ಲ. "ರಾ ಅಮ್ಮಾ, ರಾ! ಬೋಣಿ ಬೇರಂ!" ಕಂಬದ ಹತ್ತಿರ ನಿಂತವಳು ನಾನೇ ಎರಡು ಹೆಜ್ಜೆ ಮುಂದಿಟ್ಟು ಮತ್ತೆ ಹಿಂದೆ ಸರಿದೆ.

ತೂಕ ಶುರುವಾಯಿತು. ಹುಡುಗಿಯ ಕಣ್ಣು ತಕ್ಕಡಿಯ ಕೆಂಪು ಅಂಕಿಗಳ ಮೇಲೆ ನೆಟ್ಟಿತ್ತು. ಆಗ ತರಕಾರಿಯವಳ ಎಡಗೈ ಬೆನ್ನ ಹಿಂದೆ, ಮಡಿಚಿದ ಗೋಣಿಯ ಕೆಳಗೆ ಹೋಯಿತು. ಮುಂದಿನಿಂದ ನೋಡುವವರಿಗೆ ಅದು ಕಾಣುವುದಿಲ್ಲ, ಕಂಬದ ಹತ್ತಿರ ನಿಂತವರಿಗೆ ಮಾತ್ರ ಕಾಣುತ್ತದೆ. ಮೆತ್ತಗಾದ ಮೂರು ಟೊಮ್ಯಾಟೊ ಬಂದವು. ಒಳ್ಳೆಯವುಗಳ ನಡುವೆ ಸದ್ದಿಲ್ಲದೆ ಸೇರಿದವು. ಆಮೇಲೆ ಎರಡು ಬದನೆಕಾಯಿ. ಕೈಗೆ ಎಷ್ಟು ರೂಢಿಯಾಗಿತ್ತೆಂದರೆ ಅವಳು ಆ ಕಡೆ ತಿರುಗಿಯೂ ನೋಡಲಿಲ್ಲ.

ನಾನು ಕೂಗಬೇಕಿತ್ತು. ಕೂಗಿದರೆ ಬೋಣಿ ಕೆಡುತ್ತದೆ, ನಾನು ನಿಂತದ್ದು ಗೊತ್ತಾಗುತ್ತದೆ, ನಾಳೆಯಿಂದ ಈ ಹುಡುಗಿಗೂ ಚಹಾದ ನೆಪ ಶುರುವಾಗುತ್ತದೆ. ಸುಮ್ಮನೆ ನಿಂತೆ. ನಮ್ಮ ಮನೆಯವರು ಯಾಕೆ ಕೂಗುತ್ತಿರಲಿಲ್ಲವೋ ಯಾರಿಗೆ ಗೊತ್ತು. ಬೋಣಿ ಗೆದ್ದು ಬರುವಾಗಿನ ನನ್ನ ಮುಖವನ್ನು ಅವರು ದಿನಾ ನೋಡುತ್ತಿದ್ದರಲ್ಲ, ಅದಕ್ಕೇ ಇರಬೇಕು.

ತರಕಾರಿಯವಳು ನೋಟನ್ನು ತಕ್ಕಡಿಗೆ ಮುಟ್ಟಿಸಿ ಕಣ್ಣಿಗೆ ಒತ್ತಿಕೊಂಡಳು. ಹುಡುಗಿ ಓಡಿ ಬಂದಳು.

"ನೋಡಿದ್ರಾ ಆಂಟಿ? ಕಣ್ಣು ತಕ್ಕಡಿ ಬಿಟ್ಟು ಒಂಚೂರೂ ಕದಲಿಸಲಿಲ್ಲ. ನಾಳೆಯಿಂದ ದಿನಾ ಬಾ, ನಿನ್ನ ಕೈ ಚೆನ್ನಾಗಿದೆ ಅಂದ್ರು ಆಯಮ್ಮ!"

"ಚಲೋ ಮಾಡಿದಿ," ಅಂದೆ.

ಮನೆಗೆ ಬಂದು, ಅವಳು ಕೈಕಾಲು ತೊಳೆಯಲು ಹೋದಾಗ, ಚೀಲ ತಗೊಂಡು ಹಿಂದಿನ ಕಟ್ಟೆಯ ಮೇಲೆ ಕೂತೆ. ಮೂರು ಟೊಮ್ಯಾಟೊ, ಎರಡು ಬದನೆಕಾಯಿ ಆರಿಸಿ ತೆಗೆದೆ. ಇಷ್ಟು ವರ್ಷ ನನ್ನ ಜಾಣತನವನ್ನೆಲ್ಲ ಆ ಬಿಳಿ ಹಸು ತಿಂದಿತ್ತು. ಒಳಗಿನಿಂದ ಹುಡುಗಿ ಕೂಗಿದಳು, "ಆಂಟಿ, ತರಕಾರಿ ನಾನು ತೊಳೀಲಾ?"

"ಬ್ಯಾಡವ್ವಾ, ನಾ ತೊಳೀತೀನಿ," ಎಂದು ಹೇಳಿ, ಸೆರಗಿನಲ್ಲಿ ಮುಚ್ಚಿಕೊಂಡು ಗೇಟಿಗೆ ಹೋದೆ. ಹಸು ಇರಲಿಲ್ಲ. ಮಾಘದ ಮೇಲೆ ಅದಕ್ಕೆ ಇಲ್ಲಿ ಹಾಕುವವರು ಯಾರೂ ಇರಲಿಲ್ಲವಲ್ಲ, ಬರುವುದನ್ನು ಬಿಟ್ಟಿರಬೇಕು. ಆದರೂ ಸ್ವಲ್ಪ ಹೊತ್ತು ಅಲ್ಲೇ ನಿಂತೆ.