ಕಾಗೆಯ ಕೊಕ್ಕಿಗೆ ಅಂಟಿದ ಹಳದಿ

ತೊಂಬತ್ತರ ದಶಕದ ಆ ದಿನಗಳಲ್ಲಿ ಲಂಡನ್ನಿನ ಅಂಚಿನ ಪಿನ್ನರ್‌ನ ನಮ್ಮ ಮನೆಯ ಹಿತ್ತಲ ಬೇಲಿ ಮುಗಿದಲ್ಲಿಗೆ ಊರೂ ಮುಗಿಯುತ್ತಿತ್ತು. ಆಚೆ ಒಬ್ಬ ಮುದುಕ ರೈತನ ಹೊಲ. ಶಾಲೆಯಿಂದ ಬಂದವಳು ಯೂನಿಫಾರ್ಮ್ ಕೂಡ ಬದಲಿಸದೆ, ಅವ್ವ ಕೊಟ್ಟ ಒಗ್ಗರಣೆ ಚುರಮುರಿಯನ್ನು ಜೇಬಿಗೆ ತುಂಬಿಕೊಂಡು, ಬೇಲಿಯ ಸಡಿಲ ಹಲಗೆ ಸರಿಸಿ ನುಸುಳುತ್ತಿದ್ದೆ. ಲಂಡನ್ನಿನ ಬಾಲ್ಯವೆಂದರೆ ಜನ ಡಬಲ್ ಡೆಕರ್ ಬಸ್ಸು, ಟ್ಯೂಬ್ ರೈಲು ಎಂದುಕೊಳ್ಳುತ್ತಾರೆ. ನನಗೆ ಮೊದಲು ನೆನಪಾಗುವುದು ಒಂದು ಟರ್ಕಿ ಕೋಳಿ, ಆಮೇಲೆ ಅಪ್ಪನ ಮೇಲಿನ ಸಿಟ್ಟು. ಆ ಸಿಟ್ಟು ಇನ್ನೂ ಇಳಿದಿಲ್ಲ.

ರೈತನ ಅಂಗಳದಿಂದ ತಪ್ಪಿಸಿಕೊಂಡ ಹೆಣ್ಣು ಟರ್ಕಿ ಅದು. ಚಳಿಗಾಲವನ್ನೆಲ್ಲ ಹೊರಗೇ ಕಳೆದು ಕಾಡುಹಕ್ಕಿಯಾಗಿಬಿಟ್ಟಿತ್ತು. ಹೊಲದಂಚಿನಲ್ಲಿ ಮುಟ್ಟಿದರೆ ಚುರುಗುಟ್ಟುವ ನೆಟಲ್ ಗಿಡಗಳ ನಡುವೆ, ಬರಿ ನೆಲದ ಮೇಲೆ ಮೊಟ್ಟೆಯಿಟ್ಟು ಕಾವಿಗೆ ಕೂತಿತ್ತು. ಕೆನೆಬಣ್ಣದ ಮೊಟ್ಟೆಗಳು, ಮೇಲೆ ಕಂದು ಚುಕ್ಕೆ. ನರಿ ಬರದಿರಲೆಂದು ರೈತ ಸುತ್ತ ತಂತಿಬಲೆ ನಿಲ್ಲಿಸಿದ. ಹಕ್ಕಿ ಮೇವಿಗೆ ಹಾರಿಹೋಗಿ ಬರಬೇಕಲ್ಲ, ಮೇಲೆ ಮಾತ್ರ ತೆರೆದೇ ಬಿಟ್ಟ. ಮರಿಯಾದರೆ ಒಂದು ನಿನ್ನದು, ನೀನೇ ಹೆಸರಿಡು ಎಂದು ನನಗೆ ಮಾತು ಕೊಟ್ಟ. ಬೆಕ್ಕು ನಾಯಿಗಳನ್ನು ಹೊಸ್ತಿಲು ದಾಟಲು ಬಿಡದ ಮನೆಯ ಹುಡುಗಿಗೆ ಅದೇನು ಸಣ್ಣ ಮಾತೇ?

ಅದೇ ಮೇ ತಿಂಗಳಲ್ಲಿ ಅಜ್ಜನ ಮೊದಲ ವರ್ಷದ ತಿಥಿ ಬಂತು. ಅಜ್ಜಿ ಧಾರವಾಡದಿಂದ ಬಂದು ನಮ್ಮ ಜೊತೆಗಿದ್ದರು. ಎಲೆಗೆ ಹಾಕಿದ ಅನ್ನವನ್ನು ಕಾಗೆ ಮುಟ್ಟುವವರೆಗೆ ಮನೆಯಲ್ಲಿ ಯಾರೂ ಉಣ್ಣುವಂತಿಲ್ಲ.

"ಈ ಊರಾಗ ಕಾಗಿ ಬರ್ತಾವೇನೋ?" ಎಂದು ಅಜ್ಜಿ ಕೇಳಿದರು.

"ಬರೂಹಂಗ ಮಾಡ್ತೀನಿ, ನೀ ಚಿಂತಿ ಮಾಡಬ್ಯಾಡವ್ವಾ" ಎಂದ ಅಪ್ಪ.

ಅವತ್ತಿನಿಂದ ಅವನು ಆಫೀಸಿಗೆ ಹೊರಡುವ ಮುನ್ನ, ಸೂಟು ತೊಟ್ಟು, ಹಿತ್ತಲ ಬೇಲಿಯ ಮೇಲೆ ತುಪ್ಪ ಕಲಸಿದ ಅನ್ನವಿಟ್ಟು "ಕಾ, ಕಾ" ಎಂದು ಕೂಗತೊಡಗಿದ. ಮೊದಲು ಒಂದು ಬಂತು. ವಾರದೊಳಗೆ ಬೇಲಿ ಕಪ್ಪಾಯಿತು. ಅನ್ನ ತಿಂದ ಮೇಲೂ ಅವು ಹೋಗುತ್ತಿರಲಿಲ್ಲ. ಕೂತಲ್ಲಿಂದಲೇ ಕತ್ತು ಓರೆ ಮಾಡಿ ನೆಟಲ್ ಗಿಡಗಳತ್ತ ನೋಡುತ್ತಿದ್ದವು.

"ಅಪ್ಪಾ, ಪ್ಲೀಸ್, ಸ್ಟಾಪ್ ಮಾಡು. ಅವು ಗೂಡು ನೋಡ್ಲಿಕತ್ತಾವ."

"ತಿಥಿ ಆಗೂತನಕ ಸುಮ್ಮನಿರು."

ತಿಥಿಯ ದಿನ ಮನೆಯೆಲ್ಲ ವಡೆ, ಪಾಯಸದ ವಾಸನೆ. ಅಪ್ಪ ಎಲೆಯನ್ನು ಬೇಲಿಯ ಮೇಲಿಟ್ಟು ಒದ್ದೆ ಪಂಚೆಯಲ್ಲಿ ಕೈಮುಗಿದು ನಿಂತ. ಒಂದು ಕಾಗೆಯೂ ಇಲ್ಲ. ಹೊತ್ತು ಏರಿತು, ಅನ್ನ ಆರಿತು. ಉಪವಾಸವಿದ್ದ ಅಜ್ಜಿ ಬಾಗಿಲಿಗೆ ಒರಗಿ, "ಅವರ ಮನಸ್ಸಿನ್ಯಾಗ ಏನೋ ಉಳದದ" ಎಂದು ಕಣ್ಣೊರೆಸಿಕೊಂಡರು.

ಆಗ ಹೊಲದ ಕಡೆಯಿಂದ ಒಂದು ಕಾಗೆ ಹಾರಿಬಂದು ಎಲೆಯ ಪಕ್ಕ ಕೂತಿತು. ಅದರ ಕೊಕ್ಕಿನ ತುಂಬ ಹಳದಿ ಲೋಳೆ. ಆ ಕೊಕ್ಕನ್ನೇ ಅನ್ನಕ್ಕಿಟ್ಟಿತು.

"ಬಂದ್ರು" ಎಂದು ಅಜ್ಜಿ ಅತ್ತರು. ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದೆ ಬದುಕಿದ್ದ ಅಜ್ಜ, ಬಂದರಂತೆ.

"ಅಪ್ಪಾ, ಲುಕ್, ಅದರ ಬಾಯಾಗ ಎಗ್ ಅದ."

ಅಪ್ಪ ನೋಡಿದ. ನೋಡಿದ್ದನ್ನು ನಾನು ನೋಡಿದೆ. ನನ್ನ ರಟ್ಟೆ ಹಿಡಿದು ಪಿಸುಗುಟ್ಟಿದ: "ಬಾಯಿ ಮುಚ್ಚು. ಅಜ್ಜಿ ಉಣ್ಲಿ ಮೊದಲ. ನಮಸ್ಕಾರ ಮಾಡು."

ನನ್ನ ತಲೆ ಬಗ್ಗಿಸಿ ಆ ಕಳ್ಳ ಕಾಗೆಗೆ ನಮಸ್ಕಾರ ಮಾಡಿಸಿದ. ಕೈ ಬಿಡಿಸಿಕೊಂಡು ಓಡಿದೆ. ತಂತಿಬಲೆ ನೆಟ್ಟಗೆ ನಿಂತಿತ್ತು. ಒಳಗೆ ತೂತುಬಿದ್ದ ಚಿಪ್ಪುಗಳು, ಇರುವೆ. ಟರ್ಕಿ ಮೇವು ಮುಗಿಸಿ ಬಂದು ಆ ಚಿಪ್ಪುಗಳ ಮೇಲೆಯೇ ರೆಕ್ಕೆ ಹರಡಿ ಕೂತಿತು.

ಸಂಜೆ ರೈತ ಬೇಲಿಯ ಬಳಿ ಬಂದು, ಈ ಕಾಗೆಗಳು ಇಷ್ಟೊಂದು ಎಲ್ಲಿಂದ ಬಂದವೋ ಎಂದು ಇಂಗ್ಲಿಷಿನಲ್ಲಿ ಕೇಳಿದ. ಅಪ್ಪ ಅದೇ ಇಂಗ್ಲಿಷಿನಲ್ಲಿ, ನಗುಮುಖದಿಂದ, ಮೊಟ್ಟೆ ಒಡೆದದ್ದು ನರಿಯ ಕೆಲಸ ಇರಬಹುದು ಎಂದ. ಬೇಲಿಯ ಮೇಲೆ ಇನ್ನೂ ಅನ್ನದ ಅಗುಳು ಅಂಟಿಕೊಂಡಿತ್ತು. ರೈತ ಅದನ್ನು ನೋಡಿ, ನನ್ನ ತಲೆ ಸವರಿ ಹೊರಟುಹೋದ. ಆಮೇಲೆ ಟರ್ಕಿಯನ್ನು ಹಿಡಿದು ಅಂಗಳಕ್ಕೆ ಒಯ್ದ. ಟರ್ಕಿಯನ್ನೇ ಹಬ್ಬದೂಟಕ್ಕೆ ಕೊಯ್ಯುವ ಕ್ರಿಸ್‌ಮಸ್ ಕಳೆದ ಮೇಲೆ ಅದು ಅಲ್ಲಿರಲಿಲ್ಲ.

ಅಜ್ಜಿಯ ಸಮಾಧಾನಕ್ಕೆ ಮಾಡಿದ್ದು ಎಂದು ಅವ್ವ ಇವತ್ತಿಗೂ ಹೇಳುತ್ತಾಳೆ. ಮಾಡಲಿ. ಕಾಗೆ ಕರೆದದ್ದನ್ನೂ ಕ್ಷಮಿಸಬಹುದಿತ್ತೇನೋ. ಕಣ್ಣಾರೆ ಕಂಡು, ನನ್ನ ಕೈಲಿ ನಮಸ್ಕಾರ ಮಾಡಿಸಿ, ಆಮೇಲೆ ನರಿಯ ಹೆಸರು ಹೇಳಿದ್ದನ್ನು ಕ್ಷಮಿಸಲಾರೆ. ಅಪ್ಪ ಹೇಳಿದ್ದೆಲ್ಲ ನಿಜ ಎಂದು ನಂಬಿ ಮಲಗುವ ಸುಖ ಆ ಸಂಜೆಗೇ ಮುಗಿಯಿತು.

ಈಗ ಆ ರೈತನಿಲ್ಲ. ನೆಟಲ್ ಗಿಡ ಕಿತ್ತು ಕಾರು ನಿಲ್ಲಿಸಲು ಜಾಗ ಮಾಡಿದ್ದಾರೆ, ನೆಲದಲ್ಲಿ ಗೂಡು ಕಟ್ಟುವ ಹಕ್ಕಿ ಒಂದೂ ಇಲ್ಲ. ಕಾಗೆಗಳಿಗೆ ಮಾತ್ರ ಬರವಿಲ್ಲ. ಅಪ್ಪನೂ ಹೋದ. ಅವನ ತಿಥಿಯ ದಿನ ಅವ್ವ ಅದೇ ಬೇಲಿಯ ಮೇಲೆ ಎಲೆ ಇಡುತ್ತಾಳೆ, ಕರೆಯುವ ಮೊದಲೇ ಕಾಗೆ ಬಂದು ಕೂರುತ್ತದೆ. ಕೈ ಮುಗಿ ಎಂದು ಅವ್ವ ಕಣ್ಣಲ್ಲೇ ಹೇಳುತ್ತಾಳೆ. ನಾನು ಮೊದಲು ಅದರ ಕೊಕ್ಕು ನೋಡುತ್ತೇನೆ.