ಪೂರ್ಣಚಂದ್ರನಿಗೆ ಹೇಳಿದ ಬೆಲೆ

ಇದಕ್ಕೆ ನನಗೆ ತಗುಲಿದ ಖರ್ಚು ಇಷ್ಟು: ಮದ್ದೂರಿನ ಹತ್ತಿರದ ನಮ್ಮ ಕೊಪ್ಪದಿಂದ ಮಳವಳ್ಳಿಗೆ ಸುಮ್ಮನೆ ಓಡಾಡಿದ ಬೈಕಿನ ಪೆಟ್ರೋಲು, ಒಂದು ಗೊನೆ ಬಾಳೆಹಣ್ಣು ಮತ್ತು ನನ್ನ ಮಗಳ ಮಾತು. ಮೊದಲಿನ ಎರಡು ಹೋಗಲಿ, ಮತ್ತೆ ದುಡಿಯಬಹುದು. ಮಗಳು ಮಾತು ಬಿಟ್ಟು ಊಟದ ತಟ್ಟೆಯನ್ನಷ್ಟೇ ಮುಂದಿಟ್ಟು ಹೋಗುತ್ತಿದ್ದ ದಿನಗಳು ದುಬಾರಿಯಾದವು. ಕಾರಣ ಏನೆಂದರೆ, ಒಬ್ಬರು ನನ್ನ ಹತ್ತಿರ ಹಳೆಯ ಕಾವ್ಯದವರ ಹಾಗೆ ಮಾತಾಡಿದರು. ನಾನು ಅದನ್ನು ಸಂತೆಯ ಮಾತು ಅಂತ ಲೆಕ್ಕ ಹಾಕಿದೆ.

ನಾನು ದನದ ವ್ಯಾಪಾರದವನು. ಇನ್ನೊಬ್ಬರ ಎತ್ತಿನ ಹಗ್ಗ ಹಿಡಿದು ಶುರು ಮಾಡಿ, ಈಗ ಸ್ವಂತ ಕೊಟ್ಟಿಗೆ ಕಟ್ಟಿಕೊಂಡಿದ್ದೇನೆ. ನಮ್ಮ ಸಂತೆಯಲ್ಲಿ ಬಾಯಿ ಒಂದು ಹೇಳುತ್ತದೆ, ಕೈ ಇನ್ನೊಂದು ಹೇಳುತ್ತದೆ. ಈ ಎತ್ತಿಗೆ ಬೆಟ್ಟ ಕಟ್ಟಿದರೂ ಎಳೆದುಕೊಂಡು ಹೋಗುತ್ತದೆ ಅಂತ ಬಾಯಿ ಕೂಗುತ್ತಿರುತ್ತದೆ. ನಿಜವಾದ ಬೆಲೆ ಮಾತ್ರ ಟವೆಲ್ಲಿನ ಕೆಳಗೆ. ಕೊಳ್ಳುವವನೂ ಮಾರುವವನೂ ಕೈ ಹಿಡಿದು, ಮೇಲೊಂದು ಟವೆಲ್ ಮುಚ್ಚಿಕೊಂಡು, ಬೆರಳು ಅದುಮಿ ಬೆಲೆ ತಿಳಿಸಿಕೊಳ್ಳುತ್ತಾರೆ. ಸುತ್ತ ನಿಂತವರಿಗೆ ಏನೂ ಗೊತ್ತಾಗುವುದಿಲ್ಲ. ಹಾಗಾಗಿ ಯಾರು ಏನೇ ಹೊಗಳಲಿ, ಅರ್ಧ ಮುರಿದು, ಉಳಿದರ್ಧವನ್ನಷ್ಟೇ ಕೇಳಿಸಿಕೊಳ್ಳುವುದು ನನಗೆ ಅಭ್ಯಾಸವಾಗಿಬಿಟ್ಟಿದೆ.

ನನ್ನ ಮಗಳು ಮದ್ದೂರಿನ ಶಾಲೆಯೊಂದರಲ್ಲಿ ಕನ್ನಡ ಹೇಳಿಕೊಡುತ್ತಾಳೆ. ಅವಳನ್ನು ನೋಡಲು ಮಳವಳ್ಳಿಯಿಂದ ಗಂಡಿನ ಕಡೆಯವರು ಬಂದರು. ಹುಡುಗನೂ ಮೇಷ್ಟ್ರೇ. ಇಬ್ಬರಿಗೂ ಒಬ್ಬರನ್ನೊಬ್ಬರು ಕಂಡರೆ ಇಷ್ಟ ಅನ್ನುವುದು ನನಗೂ ಗೊತ್ತಾಗುವ ಹಾಗಿತ್ತು. ಹುಡುಗನ ತಂದೆ ರಿಟೈರಾದ ಕನ್ನಡ ಮೇಷ್ಟ್ರು, ಹಳೆಯ ಕಾವ್ಯವನ್ನು ರಾಗವಾಗಿ ಓದಿ ಅರ್ಥ ಹೇಳುವವರು. ಕಾಫಿ ಲೋಟ ಕೆಳಗಿಟ್ಟು ಅವರು ಹೇಳಿದರು: "ಯಜಮಾನರೇ, ನಿಮ್ಮ ಮಗಳು ಪೂರ್ಣಚಂದ್ರ. ನಮ್ಮದು ಹುಲ್ಲಿನ ಗುಡಿಸಲು. ನನ್ನ ಮಗ ಅವಳ ನೆರಳು ಹಿಡಿಯೋದಕ್ಕೂ ತಕ್ಕವನಲ್ಲ."

ನನಗೆ ಅನುಮಾನ ಹತ್ತಿತು. ಇಷ್ಟು ವರ್ಷದ ವ್ಯಾಪಾರದಲ್ಲಿ ಎದುರಿನವರ ಹಸುವನ್ನು ಹೊಗಳಿ ತನ್ನ ಹಸುವನ್ನು ತೆಗಳಿದ ಒಬ್ಬನನ್ನೂ ನಾನು ನೋಡಿರಲಿಲ್ಲ. ಹೊಗಳಿದ್ದರೆ ಅರ್ಧ ಮುರಿಯಬಹುದಿತ್ತು. ತೆಗಳಿದ್ದನ್ನು ಏನು ಮಾಡಬೇಕು, ಎರಡರಷ್ಟು ಮಾಡಬೇಕೋ, ಅದನ್ನೂ ಅರ್ಧ ಮಾಡಬೇಕೋ?

ಮಾರನೇ ದಿನವೇ ಮಳವಳ್ಳಿಗೆ ಹೋದೆ. ಗುಡಿಸಲು ಅಂದಿದ್ದ ಜಾಗದಲ್ಲಿ ಎರಡಂತಸ್ತಿನ ತಾರಸಿ ಮನೆ ನಿಂತಿತ್ತು. ನನ್ನ ಅನುಮಾನ ಇನ್ನೂ ಜಾಸ್ತಿಯಾಯಿತು. ಮನೆ ಚೆನ್ನಾಗಿದೆ ಅಂದರೆ ಐಬು ಹುಡುಗನಲ್ಲೇ ಇರಬೇಕು. ಹಸು ಕೊಳ್ಳುವಾಗ ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ. ಮನುಷ್ಯನದು ಎಲ್ಲಿ ನೋಡುವುದು? ಬೀದಿಯ ಮೂಲೆಯ ಮೆಡಿಕಲ್ ಸ್ಟೋರಿಗೆ ಹೋಗಿ, ಆ ಮನೆಯವರು ಯಾವ ಯಾವ ಮಾತ್ರೆ ಒಯ್ಯುತ್ತಾರೆ ಅಂತ ವಿಚಾರಿಸಿದೆ.

ಅಂಗಡಿಯವನು ಮೇಷ್ಟ್ರ ಹಳೆಯ ವಿದ್ಯಾರ್ಥಿಯಂತೆ. ನಾನು ಮನೆ ಸೇರುವುದರೊಳಗೆ ಮೇಷ್ಟ್ರ ಫೋನು ಬಂತು. ದನಿ ಅದೇ ಮೆತ್ತಗಿನ ದನಿ. "ಯಜಮಾನರೇ, ನಮ್ಮ ಗುಡಿಸಲಿಗೆ ಪೂರ್ಣಚಂದ್ರನನ್ನು ಕರೆತರೋ ಯೋಗ್ಯತೆ ನಮಗಿಲ್ಲ," ಅಂದು ಇಟ್ಟುಬಿಟ್ಟರು.

ಸದ್ಯ, ಮಾತು ಬದಲಾಗಿಲ್ಲ, ವ್ಯಾಪಾರ ಇನ್ನೂ ನಡೀತಾ ಇದೆ ಅಂತ ಮನೆಗೆ ಬಂದು ಹೆಂಡತಿಗೆ ಖುಷಿಯಿಂದಲೇ ಹೇಳಿದೆ. ಅಲ್ಲೇ ಇದ್ದ ಮಗಳು ಅಳುತ್ತಾ ಒಳಗೆ ಹೋದಳು. ಹೆಂಡತಿ ಸೊಪ್ಪು ಬಿಡಿಸುವುದನ್ನು ನಿಲ್ಲಿಸಿ ನನ್ನನ್ನು ದಿಟ್ಟಿಸಿದಳು.

"ನೀವೇನ್ ಅಸ ಕೊಳ್ಳಕ್ಕೋಗಿದ್ರಾ, ಎಣ್ಣು ಕೊಡಕ್ಕೋಗಿದ್ರಾ?"

"ಅದೇ ಮಾತ್ ತಾನೇ ಯೋಳಿದ್ದು ಅವ್ರು? ಅವತ್ತೂ ಗುಡಿಸ್ಲು, ಇವತ್ತೂ ಗುಡಿಸ್ಲು."

"ಅವತ್ತು ಬನ್ನಿ ಅಂದಿದ್ದು. ಇವತ್ತು ಬರಬ್ಯಾಡಿ ಅಂದಿದ್ದು. ಅಷ್ಟೂ ತಿಳಿಯಕಿಲ್ವಾ?"

ತಿಳಿಯಲಿಲ್ಲ. ಒಂದೇ ಮಾತು ಒಂದು ದಿನ ಬಾಗಿಲು ತೆಗೆಯುವುದು, ಇನ್ನೊಂದು ದಿನ ಬಾಗಿಲು ಹಾಕುವುದು ಯಾವ ನ್ಯಾಯ? ದಿನವೆಲ್ಲ ಕೊಟ್ಟಿಗೆಯಲ್ಲಿ ಇದನ್ನೇ ತಿರುವಿ ಹಾಕಿದೆ.

ಕೊನೆಗೊಂದು ದಿನ ಮಗಳೇ ಮೌನ ಮುರಿದಳು. ನನ್ನ ಮೇಲಿನ ಕರುಣೆಯಿಂದಲ್ಲ, ಅವಳ ಸಂಬಂಧ ಕೈತಪ್ಪುತ್ತಿತ್ತು. ಮಕ್ಕಳಿಗೆ ಪಾಠ ಮಾಡುವ ಹಾಗೆ ಹೇಳಿದಳು: ಮುಖವನ್ನು ಚಂದ್ರ ಅಂದರೆ ಅದು ರೂಪಕ, ಇದ್ದದ್ದಕ್ಕಿಂತ ದೊಡ್ಡದು ಮಾಡಿದರೆ ಅತಿಶಯೋಕ್ತಿ, ಅದು ಸುಳ್ಳಲ್ಲ, ಅಲಂಕಾರ. ಶನಿವಾರ ಸಂಜೆ ಮೇಷ್ಟ್ರ ಮನೆ ಜಗಲಿಯಲ್ಲಿ ಕಾವ್ಯ ಓದುತ್ತಾರೆ, ಹೋಗಿ ಕೂತುಕೋ, ಬಾಯಿ ಮಾತ್ರ ಬಿಡಬೇಡ ಅಂತ ಕಳಿಸಿದಳು.

ಬಾಳೆಗೊನೆ ಇಟ್ಟು ಹಿಂದಿನ ಸಾಲಿನಲ್ಲಿ ಕೂತೆ. ಮೇಷ್ಟ್ರು ನನ್ನನ್ನು ಕಂಡರೂ ಕಾಣದವರಂತೆ ಓದು ಮುಂದುವರಿಸಿದರು. ಅದೊಂದು ಯುದ್ಧದ ಕಥೆ. ಸೈನ್ಯ ನಡೆದ ಧೂಳಿಗೆ ಹಗಲು ರಾತ್ರಿಯಾಯಿತಂತೆ. ಹೆಂಗಸರ ಕಣ್ಣೀರಿಗೆ ಹೊಳೆ ದಡ ಮೀರಿತಂತೆ. ನನ್ನ ತಲೆ ತನ್ನಷ್ಟಕ್ಕೆ ಮುರಿಯತೊಡಗಿತು: ರಾತ್ರಿ ಅಂದರೆ ಮೋಡ ಕವಿದಷ್ಟಿರಬಹುದು, ಹೊಳೆ ಅಂದರೆ ಒಂದು ಕಾಲುವೆ. ಆಮೇಲೆ ಒಂದು ಪದ್ಯ ಬಂತು. ಸವಾರ ಸತ್ತಿದ್ದಾನೆ, ಕುದುರೆಯೊಂದೇ ಮನೆಗೆ ಬರುತ್ತದೆ. ತಾಯಿ ದಿನದ ಹಾಗೆಯೇ ಅದರ ಮುಂದೆ ನೀರು ಇಡುತ್ತಾಳೆ. ಪದ್ಯದಲ್ಲಿ ಇದ್ದದ್ದು ಅಷ್ಟೇ. ಮುರಿಯಲು ಅಲ್ಲಿ ಏನೂ ಇರಲಿಲ್ಲ. ಹಗ್ಗ ಎಳೆದುಕೊಂಡು ಒಂಟಿಯಾಗಿ ಬಂದ ದನಕ್ಕೆ ನಾನೂ ನೀರಿಟ್ಟಿದ್ದೇನೆ. ಆದರೆ ಇದೆಂಥ ಲೆಕ್ಕ? ಧೂಳಿಗೆ ಬೆಟ್ಟದಷ್ಟು ಮಾತು, ಮಗ ಸತ್ತದ್ದಕ್ಕೆ ಒಂದು ಪಾತ್ರೆ ನೀರು. ಎಲ್ಲಿ ದೊಡ್ಡದು ಮಾಡಬೇಕು, ಎಲ್ಲಿ ಚಿಕ್ಕದು ಮಾಡಬೇಕು ಅನ್ನುವುದಕ್ಕೆ ಇವರಿಗೆ ಒಂದು ರೂಲು ಬೇಡವೇ?

ಎಲ್ಲರೂ ಎದ್ದು ಹೋದ ಮೇಲೆ ಮೇಷ್ಟ್ರು ಪುಸ್ತಕ ಮಡಿಸುತ್ತಾ ಕೇಳಿದರು. "ವ್ಯಾಪಾರದವರು ನೀವು, ನಾನು ಅವತ್ತು ಹೇಳಿದ್ದರಲ್ಲಿ ಎಷ್ಟು ಮುರಿದ್ರಿ?"

ತಪ್ಪಾಯಿತು ಅನ್ನುವ ಬದಲು ಹೆಗಲ ಮೇಲಿದ್ದ ಟವೆಲ್ ತೆಗೆದು ಅವರ ಕೈ ಮೇಲೆ ಮುಚ್ಚಿ, ಒಳಗೆ ಕೈ ಹಾಕಿ ಐದೂ ಬೆರಳನ್ನು ಒಟ್ಟಿಗೆ ಹಿಡಿದೆ.

"ನೀವ್ ಯೋಳಿದ್ ಬೆಲೆಗೇಯ ಮೇಷ್ಟ್ರೇ. ಚಂದ್ರ ಅಂದ್ರೆ ಚಂದ್ರ, ಗುಡಿಸ್ಲು ಅಂದ್ರೆ ಗುಡಿಸ್ಲು. ಒಂದ್ ಪೈಸಾನೂ ಮುರಿಯಕಿಲ್ಲ."

ಅವರು ಟವೆಲ್ ಕಡೆಗೇ ನೋಡುತ್ತಿದ್ದರು. ಒಳಗೆ ಅವರ ಬೆರಳುಗಳು ಏನೋ ಹೇಳತೊಡಗಿದವು. ಒಮ್ಮೆ ಎರಡು ಬೆರಳು ಅದುಮಿದ ಹಾಗಾಯಿತು, ಆಮೇಲೆ ನಾಲ್ಕು. ಕತ್ತಲಲ್ಲೂ ಬೆರಳು ಓದುವ ನನಗೆ ಆ ಕೈ ಓದಲಾಗಲಿಲ್ಲ. ಕೊನೆಗೆ ಅವರು, "ಭಾನುವಾರ ಎಲ್ಲರೂ ನಮ್ಮ ಗುಡಿಸಲಿಗೆ ಬನ್ನಿ," ಅಂದರು.

ಮತ್ತೆ ಗುಡಿಸಲು. ಮೂರನೇ ಸಲ. ಇದು ಮೊದಲನೆಯದರ ಹಾಗೋ, ಎರಡನೆಯದರ ಹಾಗೋ? ಬನ್ನಿ ಅಂತಲೂ ಅಂದಿದ್ದಾರೆ, ಆದರೆ ಇವರ ಬನ್ನಿಯನ್ನು ಎಷ್ಟು ನಂಬುವುದು? ಬಸ್ ಸ್ಟ್ಯಾಂಡಿನ ಹತ್ತಿರ ಬೈಕು ನಿಲ್ಲಿಸಿ ಮಗಳಿಗೆ ಫೋನು ಮಾಡಿ, ನಡೆದದ್ದನ್ನೆಲ್ಲ ಒಪ್ಪಿಸಿದೆ.

"ಅದನ್ನ ಯೋಳುವಾಗ ಕೈ ಬುಟ್ಟಿದ್ರಾ, ಇಡ್ಕೊಂಡಿದ್ರಾ?" ಅಂತ ಕೇಳಿದಳು.

"ಇಡ್ಕೊಂಡೇ ಇದ್ರು ಕಣಮ್ಮ. ನಾನೇ ಬುಡಿಸ್ಕೊಂಡ್ ಬಂದೆ."

ಅವಳು ತಕ್ಷಣ, "ಅಂಗಾರೆ ಬತ್ತಾ ಒಂದ್ ಮೊಳ ಊವ ತಕಬಾ ಅಪ್ಪ," ಅಂದಳು. ಭಾನುವಾರ ಹೋದೆವು, ಆ ತಾರಸಿ ಮನೆಯಲ್ಲೇ ಮಾತು ಮುಗಿಯಿತು. ಎರಡು ಮತ್ತು ನಾಲ್ಕು ಅಂದರೆ ಏನು ಅಂತ ಬೀಗರನ್ನು ನಾನು ಇನ್ನೂ ಕೇಳಿಲ್ಲ.

ನಿಮಗೂ ಹಳೆಯ ಕಾವ್ಯ ಓದಿದವರ ಜೊತೆ ವ್ಯವಹಾರ ಬಿದ್ದರೆ ನನ್ನ ಮಾತು ಕೇಳಿ. ಅವರು ಹೇಳಿದ್ದನ್ನು ಅರ್ಧ ಮುರಿಯಬೇಡಿ, ಎರಡರಷ್ಟೂ ಮಾಡಬೇಡಿ. ಗುಡಿಸಲು ಅಂದರೆ ಹೋಗಿ ಕಾಫಿ ಕುಡಿದು ಬನ್ನಿ, ತಾರಸಿ ಕಡೆ ಕತ್ತೆತ್ತಿ ನೋಡಬೇಡಿ. ಮೆಡಿಕಲ್ ಸ್ಟೋರಿಗಂತೂ ತಲೆನೋವಿದ್ದರೆ ಮಾತ್ರ ಹೋಗಿ. ಮಾತು ಅರ್ಥವಾಗದೆ ಹೋದರೆ, ಹೇಳುವಾಗ ಅವರ ಕೈ ಎಲ್ಲಿತ್ತು ಅಂತ ನೋಡಿಕೊಂಡು ಬಂದು, ಮನೆಯಲ್ಲಿ ಓದಿದವರು ಯಾರಾದರೂ ಇದ್ದರೆ ಅವರನ್ನು ಕೇಳಿ. ಆದರೆ ನನ್ನ ಹಾಗೆ ಎಲ್ಲ ಕೆಟ್ಟ ಮೇಲಲ್ಲ, ಮೊದಲೇ ಕೇಳಿ.