ನೂರಾ ಹನ್ನೆರಡನೇ ಪುಟ

ನಮ್ಮ ಮನೆತನದಲ್ಲಿ ಬಿ.ಎ. ಪಾಸಾದ ಮೊದಲ ಮನುಷ್ಯ ನಾನು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ನನ್ನ ಜೊತೆ ಹತ್ತು ನಿಮಿಷ ಕೂತವರಿಗೆ ಹೇಗೂ ಗೊತ್ತಾಗಿಯೇ ಆಗುತ್ತದೆ. ಆದರೆ ಆ ಪದವಿಗಿಂತ ಮೊದಲು ನನಗೆ ಇನ್ನೊಂದು ಸಿಕ್ಕಿತ್ತು, ಧಾರಾವಿಯ ಒಂದು ಸೈಬರ್ ಕೆಫೆಯಲ್ಲಿ. ಇದು ಅದನ್ನು ಕಳೆದುಕೊಂಡ ಕತೆ.

ಆಗ ಇಂಟರ್ನೆಟ್ಟು ಹೊಸದು. ರಿಸಲ್ಟ್ ಹುಡುಕುತ್ತ ಏನನ್ನೋ ಒತ್ತಿದವನ ಮುಂದೆ ಒಂದು ನಕ್ಷೆ ಬಿಚ್ಚಿಕೊಂಡಿತು: ಉಪ್ಪಿನ ಸರೋವರದ ದಡದಲ್ಲಿ ಏಳು ಬಾಗಿಲಿನ ಊರು. ಅಂಥ ಊರು ಎಲ್ಲೂ ಇಲ್ಲ. ಅದು ಒಂದು ಆಟಕ್ಕಾಗಿ ಕಟ್ಟಿದ್ದು. ನಾಲ್ಕೈದು ಜನ ಮೇಜಿನ ಸುತ್ತ ಕೂತು, ಒಬ್ಬ ಕತೆ ಹೇಳುತ್ತಾನೆ, ಉಳಿದವರು ಕಳ್ಳ, ಸಿಪಾಯಿ, ವೈದ್ಯ ಅಂತ ಒಂದೊಂದು ಪಾತ್ರವಾಗುತ್ತಾರೆ. ಅವರು ಮಾಡಹೊರಟಿದ್ದು ಆಯಿತೋ ಇಲ್ಲವೋ ಎಂದು ದಾಳ ಉರುಳಿಸಿ ತೀರ್ಮಾನಿಸುತ್ತಾರೆ. ಆ ಊರಿನ ವಿವರವೆಲ್ಲ ಒಂದು ದಪ್ಪ ಪುಸ್ತಕದಲ್ಲಿತ್ತು. ಪುಸ್ತಕದ ಹುಚ್ಚು ಹಿಡಿದ ದೇಶದೇಶದ ಮಂದಿ ಫೋರಂ ಎಂಬ ಈ ಇಂಟರ್ನೆಟ್ಟಿನ ಹರಟೆಕಟ್ಟೆಯಲ್ಲಿ ಸೇರಿ ಓಣಿ ಓಣಿಗೂ ಜಗಳವಾಡುತ್ತಿದ್ದರು. ನಮ್ಮ ಚಾಳಿನ ಹಿರಿಯರು ವರ್ಷಗಟ್ಟಲೆ ಕಾಲಿಡದ ಊರಿನ ಬಾವಿ ಎಲ್ಲಿತ್ತು ಅಂತ ಚಹಾದಂಗಡಿಯಲ್ಲಿ ವಾದಿಸುತ್ತಿದ್ದರಲ್ಲ, ಥೇಟ್ ಹಾಗೆಯೇ.

ನಾನು ಆ ಆಟ ಆಡಿದವನಲ್ಲ. ದಾಳ ನೋಡಿದವನಲ್ಲ. ಪುಸ್ತಕ ಕೇಳಲು ಹೋದರೆ ಫುಟ್‌ಪಾತಿನ ವ್ಯಾಪಾರಿ, "ಚೆಸ್ ಕಾ ಹೈ, ಚಲೇಗಾ?" ಎಂದು ಚದುರಂಗದ ಪುಸ್ತಕ ಚಾಚಿದ.

ಫೋರಂನಲ್ಲಿ ಒಂದೇ ಕಟ್ಟುನಿಟ್ಟು: ಪುಟಸಂಖ್ಯೆ ಇಲ್ಲದೆ ಯಾರೂ ಏನೂ ಹೇಳುವಂತಿಲ್ಲ. ಮೂಲ ಪುಸ್ತಕ ಮುಟ್ಟದೆ, ಬರೀ ಗೈಡ್ ಓದಿ ಎರಡು ವರ್ಷ ಪಾಸಾದವನಿಗೆ ಇದೇನು ಮಹಾ? ಹಳೆಯ ಸಂದೇಶಗಳನ್ನೆಲ್ಲ ಮೊದಲಿನಿಂದ ಓದಿ, ಯಾವ ಸಂಗತಿ ಯಾವ ಪುಟದ್ದು ಅಂತ ಯಾರು ಬರೆದಿದ್ದರೂ ಇನ್ನೂರು ಪುಟದ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಉಪ್ಪಿನ ಬಾಗಿಲು ಎಷ್ಟು ಹೊತ್ತಿಗೆ ಮುಚ್ಚುತ್ತದೆ ಎಂದು ಯಾರಾದರೂ ಕೇಳಿದರೆ, ಉಳಿದವರು ಪುಸ್ತಕ ತೆರೆಯುವಷ್ಟರಲ್ಲಿ ನನ್ನ ಉತ್ತರ ಹೋಗಿರುತ್ತಿತ್ತು: ಪುಟ ನಲವತ್ತೇಳು. ಆರು ತಿಂಗಳಲ್ಲಿ ನನಗೆ 'ಗ್ರಂಥಪಾಲಕ' ಅಂತ ಬಿರುದು ಕೊಟ್ಟರು. ನನ್ನಲ್ಲಿ ಮೊದಲ ಮುದ್ರಣವೇ ಇದೆ ಎಂದು ಅವರು ತಿಳಿದಿದ್ದರು, ನಾನು ತಿದ್ದಲು ಹೋಗಲಿಲ್ಲ.

ಕಾಲೇಜಿನಲ್ಲಿ ಹೆಸರು ಕೇಳಿದ ಮೇಲೆ ಬರುವ ಪ್ರಶ್ನೆ, ಅಪ್ಪ ಏನು ಮಾಡುತ್ತಾರೆ? ಚರ್ಮದ ಕೆಲಸ ಎಂದರೆ ಬೆಂಚಿನಲ್ಲಿ ಪಕ್ಕದವನು ಒಂದಿಷ್ಟು ಸರಿಯುತ್ತಿದ್ದ. ಇಲ್ಲಿ ಅದನ್ನು ಯಾರೂ ಕೇಳಲಿಲ್ಲ. ಅದಕ್ಕೇ ಆ ಬಿರುದು ನನಗೆ ಜೀವ.

ವಿಜಯಪುರದ ಕಡೆಯವನಾದ ಕೆಫೆ ಮಾಲೀಕ ಮೂಲೆಯ ಕಂಪ್ಯೂಟರ್ ತೋರಿಸಿ, "ಬರ್ರಿ ಪ್ರೊಫೆಸರ್ ಸಾಬ್, ನಿಮ್ ಸಿಂಹಾಸನ ಖಾಲಿ ಐತಿ," ಅನ್ನುತ್ತಿದ್ದ. ನನಗದು ಚೇಷ್ಟೆ ಅನಿಸುತ್ತಲೇ ಇರಲಿಲ್ಲ.

ಒಂದು ದಿನ ಫೋರಂ ನಡೆಸುತ್ತಿದ್ದವರು, ಯಾವುದೋ ಚಳಿ ದೇಶದ ವಯಸ್ಸಾದ ಮೇಷ್ಟ್ರು, ನನಗೆ ಬರೆದರು: ತಮ್ಮ ಪ್ರತಿಯಲ್ಲಿ ನೂರಾ ಹನ್ನೆರಡನೇ ಪುಟ ಹರಿದುಹೋಗಿದೆ, ಮರುಮುದ್ರಣದಲ್ಲಿ ಅದನ್ನು ಬಿಟ್ಟಿದ್ದಾರೆ, ನಿಮ್ಮಲ್ಲಿರುವ ಮೊದಲ ಮುದ್ರಣದಿಂದ ದಯವಿಟ್ಟು ಟೈಪ್ ಮಾಡಿ ಕಳಿಸಿ.

ನೋಟ್‌ಬುಕ್ ತಿರುವಿದೆ. ನೂರಾ ಹನ್ನೊಂದು ಇತ್ತು, ನೂರಾ ಹದಿಮೂರು ಇತ್ತು. ನೂರಾ ಹನ್ನೆರಡನ್ನು ಇಷ್ಟು ವರ್ಷದಲ್ಲಿ ಒಬ್ಬನೂ ಉಲ್ಲೇಖಿಸಿರಲಿಲ್ಲ. ಆಗಲಾದರೂ ತಲೆ ಓಡಬೇಕಿತ್ತು. ಮಳೆ ನೀರು ನುಗ್ಗಿ ಪುಸ್ತಕ ಹಾಳಾಯಿತು ಎಂದಿದ್ದರೂ ನಡೆಯುತ್ತಿತ್ತು. ಆದರೆ ಗ್ರಂಥಪಾಲಕ ಗ್ರಂಥ ಕಳೆದುಕೊಳ್ಳುವುದೇ? ನೂರಾ ಹನ್ನೊಂದು ಮುಗಿಯುವುದು ಸರೋವರದ ಕಡೆಯ ಪಡುವಣ ಬಾಗಿಲ ಹತ್ತಿರದ ಚರ್ಮಗಾರರ ಓಣಿಯಲ್ಲಿ ಎಂದು ನನ್ನ ಟಿಪ್ಪಣಿ ಹೇಳುತ್ತಿತ್ತು. ಮುಂದಿನದನ್ನು ನಾನೇ ಬರೆಯಲು ನಿರ್ಧರಿಸಿದೆ. ಬ್ಯಾಗಿನ ಕಾರ್ಖಾನೆ ಸೇರುವ ಮೊದಲು ಅಪ್ಪ ಚರ್ಮ ಹದ ಮಾಡುತ್ತಿದ್ದ.

"ಅಪ್ಪಾ, ತೊಗಲು ಸುಣ್ಣದಾಗ ಎಷ್ಟ್ ದಿನಾ ಇಡಬೇಕು?"

ಅಪ್ಪ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದ. "ಯಾಕ? ಬಿ.ಎ. ಓದಿ ಇದ ಕೆಲಸಕ್ಕ ಬರಾಂವೇನು?"

"ಪರೀಕ್ಷಾದಾಗ ಕೇಳ್ಯಾರ."

"ಹಂಗಾರ ಚಲೋ ಪರೀಕ್ಷಾ ಬಿಡು," ಎಂದವನು ಮಾತು ನಿಲ್ಲಿಸಲೇ ಇಲ್ಲ. ದಿನ ಎಣಿಸುವುದಲ್ಲವಂತೆ, ತೊಗಲಿನ ಕೂದಲು ಎಳೆದು ಸಲೀಸಾಗಿ ಬರುತ್ತದೆಯೇ ಎಂದು ನೋಡಬೇಕಂತೆ. ಸುಣ್ಣಕ್ಕೆ ಬೆರಳು ಹೇಗೆ ಬಿರಿಯುತ್ತದೆ, ಎಷ್ಟು ಸೋಪು ಹಾಕಿದರೂ ವಾಸನೆ ಎಲ್ಲಿ ಉಳಿಯುತ್ತದೆ, ಎಲ್ಲ ಹೇಳಿದ. ನಾನು ಅದಕ್ಕೆ ಗೈಡಿನ ಇಂಗ್ಲಿಷ್ ಮೆತ್ತಿ ಕಳಿಸಿದೆ.

ಇಡೀ ಪುಸ್ತಕದಲ್ಲಿ ಇದೇ ಶ್ರೇಷ್ಠ ಪುಟ ಎಂದರು ಫೋರಂನವರು. ಎರಡು ವಾರ ನಾನು ನೆಲದ ಮೇಲೆ ನಡೆಯಲಿಲ್ಲ. ಆಮೇಲೆ ಹೊಸ ಸದಸ್ಯನೊಬ್ಬ, ಮೊದಲ ಮುದ್ರಣ ಸಿಕ್ಕಿತು ಎಂದು ಆ ಪುಟವನ್ನು ಸ್ಕ್ಯಾನ್ ಮಾಡಿ ಹಾಕಿದ.

ಅದೊಂದು ಖಾಲಿ ಫಾರ್ಮು. ಆಟಗಾರ ತನ್ನ ಪಾತ್ರದ ವಿವರ ತುಂಬಿ, ಹರಿದು ಇಟ್ಟುಕೊಳ್ಳಬೇಕಾದದ್ದು. ಮೇಷ್ಟ್ರ ಪ್ರತಿಯಲ್ಲಿ ಪುಟ ಯಾಕಿರಲಿಲ್ಲ ಎಂದು ಆಗ ಹೊಳೆಯಿತು. ಹೆಸರು. ಊರು. ತಂದೆಯ ಕಸುಬು. ಇಷ್ಟು ದೂರ ಓಡಿ ಬಂದರೂ ಅದೇ ಪ್ರಶ್ನೆ!

ನಾಲ್ಕು ದಿನ ಕೆಫೆಯ ಬೀದಿ ಬಿಟ್ಟು ಸುತ್ತುಬಳಸಿ ಓಡಾಡಿದೆ. ಐದನೆಯ ದಿನ ಮಾಲೀಕ ಹಿಡಿದ. "ಏನ್ ಸಾಬ್, ರಾಜ್ಯ ಹೋತೇನು?"

"ಹೋಗೂದೈತಿ," ಎಂದು ಒಳಗೆ ಹೋಗಿ ಕೂತೆ. ಆ ಫಾರ್ಮಿನ ಸಾಲುಗಳನ್ನು ಒಂದೊಂದಾಗಿ ಟೈಪ್ ಮಾಡಿ ತುಂಬಿದೆ. ತಂದೆಯ ಕಸುಬು: ಚರ್ಮದ ಕೆಲಸ. ಕೆಳಗೆ ಸೇರಿಸಿದೆ: ನನ್ನ ಬಳಿ ಪುಸ್ತಕವಿಲ್ಲ, ಎಂದೂ ಇರಲಿಲ್ಲ.

ಬಿರುದು ಅಂದೇ ಹೋಯಿತು. ನನ್ನ ಪುಟವನ್ನು 'ಆಧಾರವಿಲ್ಲದ್ದು' ಎಂಬ ವಿಭಾಗಕ್ಕೆ ತಳ್ಳಿದರು. ಆದರೆ ಮೇಷ್ಟ್ರು ಒಂದು ಪ್ರಶ್ನೆ ಕೇಳಿದ್ದರು: ಕೂದಲೆಳೆದು ನೋಡುವ ಸಂಗತಿ ಯಾವ ಪುಸ್ತಕದ್ದು?

ಭಾನುವಾರ ಅಪ್ಪನನ್ನೇ ಕರೆದುಕೊಂಡು ಹೋಗಿ ಪರದೆಯ ಮುಂದೆ ಕೂರಿಸಿ, ಪ್ರಶ್ನೆಯನ್ನು ಕನ್ನಡದಲ್ಲಿ ಹೇಳಿದೆ.

"ಬುಕ್ ಯಾಕ ಬೇಕು? ಕೈ ಹಾಕಿ ನೋಡು ಅನ್ನು," ಎಂದ. "ಪರೀಕ್ಷಾ ಏನಾತು?"

"ಫೇಲ್."

ಮಾಲೀಕ ಕೌಂಟರಿನ ಹಿಂದೆ ಕೆಮ್ಮಿದ. ಅಪ್ಪನ ಗಮನ ಅಲ್ಲಿರಲಿಲ್ಲ. ಪರದೆಯ ನಕ್ಷೆಯಲ್ಲಿ ನಾನು ಬೆರಳಿಟ್ಟು ತೋರಿಸಿದ್ದ ಚರ್ಮಗಾರರ ಓಣಿಗೆ ಅವನು ಕಣ್ಣು ಹತ್ತಿರ ತಂದಿದ್ದ. "ಏ, ಇದೇನೋ ಇದು? ನೀರಿನ ಕಡಿಂದ ಗಾಳಿ ಬೀಸತೈತಿ, ಅಲ್ಲೇ ತೊಗಲಿನ ಓಣಿ ಇಟ್ಟಾರ. ಊರೆಲ್ಲಾ ನಾರೂದಿಲ್ಲೇನು? ಹೇಳು ಅವರಿಗೆ."

ಹೇಳಿದೆ. ಪುಟಸಂಖ್ಯೆಯ ಜಾಗದಲ್ಲಿ 'ನನ್ನ ತಂದೆ' ಎಂದು ಬರೆದೆ. ಮರುದಿನ ನೋಡಿದರೆ, ಅದನ್ನೂ ನಿಯಮದ ಪ್ರಕಾರ 'ಆಧಾರವಿಲ್ಲದ್ದು' ವಿಭಾಗದಲ್ಲೇ ಇಟ್ಟಿದ್ದರು. ಓಣಿಯನ್ನು ಮಾತ್ರ ನಕ್ಷೆಯಲ್ಲಿ ಮೂಡಣಕ್ಕೆ ಸರಿಸಿದ್ದರು.